ಮಂಚದ ಕಂಬಿಗೆ ಎರಡು ಬಡಿತ

ಓದುಗ ಮಹನೀಯರಲ್ಲಿ ವಿನಯಪೂರ್ವಕವಾಗಿ ತಿಳಿಸುವುದೇನೆಂದರೆ, ಈ ದಿನ ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ತಂದವನು ಕಲಬುರಗಿಯ ಗಾಜಿಪುರದ ನಮ್ಮ ಮನೆಯ ಕಬ್ಬಿಣದ ಗೇಟಿಗೆ ಕೀಲಿಯಿಂದ ಎರಡು ಸಲ ಬಡಿದನು. ಠಣ್, ಠಣ್. ಒಲೆಯ ಮೇಲೆ ಹಾಲಿತ್ತು. ನಾನು ಹಾಲನ್ನೂ ಇಳಿಸದೆ, ಗೇಟಿನ ಕಡೆಗೂ ಹೋಗದೆ, ನೇರವಾಗಿ ನಮ್ಮ ಯಜಮಾನರ ಮಂಚದ ಹತ್ತಿರ ಹೋಗಿ ನಿಂತೆನು. ಹಾಲು ಉಕ್ಕಿತು. ಸದರಿ ನಷ್ಟಕ್ಕೆ ನಾನೇ ಹೊಣೆ. ಆದರೆ ಆ ಸಪ್ಪಳಕ್ಕೆ ನನ್ನ ಕಾಲುಗಳು ಮಂಚದ ಕಡೆಗೇ ಏಕೆ ತಿರುಗಿದವು ಎಂಬುದಕ್ಕೆ ವಿವರಣೆ ಸಲ್ಲಿಸುವುದು ಸೂಕ್ತವೆಂದು ತೋರಿದ್ದರಿಂದ ಈ ಬರಹ.

ಬರವಣಿಗೆ ನನಗೆ ಹೊಸದು. ಸರ್ಕಾರಿ ಕಚೇರಿಯೊಂದರ ಟಪಾಲು ಶಾಖೆಯಲ್ಲಿ ಕೆಲಸ ಮಾಡಿದವಳು. ಬಂದ ಪತ್ರಕ್ಕೆ ಸಂಖ್ಯೆ ಹಾಕುವುದು, ಹೋಗುವ ಪತ್ರಕ್ಕೆ ವಿಳಾಸ ಬರೆಯುವುದು, ಇಷ್ಟೇ ನಾನು ಮಾಡಿದ ಸಾಹಿತ್ಯ. ರೂಢಿಯಂತೆಯೇ ಆರಂಭಿಸುತ್ತೇನೆ. ವಿಷಯ: ನನ್ನ ಹೊಟ್ಟೆಕಿಚ್ಚು. ಉಲ್ಲೇಖ: ಮೇಲ್ಕಂಡ ಎರಡು ಬಡಿತ.

ನಮ್ಮ ಯಜಮಾನರು ಪ್ರೌಢಶಾಲೆಯಲ್ಲಿ ಗಣಿತದ ಮಾಸ್ತರರಾಗಿದ್ದರು. ಆರು ವರ್ಷಗಳ ಹಿಂದೆ ಒಂದು ರವಿವಾರ, ಮಾಳಿಗೆಯ ಮೇಲಿನ ನೀರಿನ ಟಾಕಿ ತೊಳೆಯಬೇಕೆಂದು ನಾನು ಅವರಿಗೆ ಮೂರನೆಯ ಸಲ ಹೇಳಿದೆನು. "ಹೊಂಟೀನವಾ, ಎಷ್ಟು ಸಲ ಹೇಳ್ತಿ!" ಎಂದು ಸಿಡುಕಿ ನಿಚ್ಚಣಿಕೆ ಹತ್ತಿದರು. ನಿಚ್ಚಣಿಕೆ ಜಾರಿತು. ಕುತ್ತಿಗೆಯ ಹತ್ತಿರ ಬೆನ್ನುಹುರಿಗೆ ಪೆಟ್ಟಾಯಿತು. ಅಂದಿನಿಂದ ಎದೆಯ ಕೆಳಗೆ ಸ್ಪರ್ಶವಿಲ್ಲ, ಕೈಗಳಲ್ಲಿ ಹಿಡಿತವಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರು ಮಾತು ಬಿಟ್ಟರು. ನನಗೂ ಬಾಯಿ ಬರಲಿಲ್ಲ. ಮೂರನೆಯ ಸಲ ನಾನು ಹೇಳದೆ ಇದ್ದಿದ್ದರೆ? ಅವರೂ ಅದನ್ನೇ ಯೋಚಿಸುತ್ತಿರಬಹುದೆಂದು ತಿಳಿದೆನು. ಆದರೆ ಹಾಸಿಗೆಹುಣ್ಣು ಆಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಲೇಬೇಕು. ಸೂಚನೆ ಕೊಡದೆ ಹೊರಳಿಸಿದರೆ ಕಾಲುಗಳು ಕಟ್ಟಿಗೆಯಂತೆ ಸೆಟೆಯುತ್ತವೆ. ಕರೆಯಲಾರದ ನಾನು ಬೆರಳಿನ ಉಂಗುರದಿಂದ ಮಂಚದ ಕಂಬಿಗೆ ಎರಡು ಸಲ ಬಡಿಯುತ್ತಿದ್ದೆನು. ಅವರು ಕಣ್ಣು ಮುಚ್ಚಿ ತೆರೆದರೆ ಒಪ್ಪಿಗೆ. ಆಗ ಹೊರಳಿಸುತ್ತಿದ್ದೆನು. ನಮ್ಮ ಸಂಸಾರದ ಮಾತುಕತೆ ಬಹುಕಾಲ ಹೀಗೆ ನಡೆಯಿತು.

ಅನಂತರ, ಇಂತಹ ಪೆಟ್ಟಾದವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆಂದೇ ಫೋನಿನಲ್ಲಿ ನಡೆಯುವ ಆನ್‌ಲೈನ್ ತರಗತಿಗೆ ನಾನು ಸೇರಿದೆನು. ದಯವಿಟ್ಟು ಗಮನಿಸಬೇಕು: ಸೇರಿದವಳು ನಾನು. ಇನ್ನೂರು ಪುಟದ ನೋಟ್‌ಬುಕ್ ತಂದವಳೂ ನಾನು. ಒಂದು ದಿನ, ಬೆನ್ನಿನ ಹಿಂದೆ ದಿಂಬು ಕೊಟ್ಟು ಮೂವತ್ತು ಡಿಗ್ರಿ ಓರೆಯಾಗಿ ಮಲಗಿಸಬೇಕೆಂದು ನರ್ಸಮ್ಮ ಹೇಳುತ್ತಿದ್ದರು. ಎಷ್ಟು ಹೇಳಿದರೂ ಯಾರಿಗೂ ಅರ್ಥವಾಗಲೊಲ್ಲದು. ಆಗ ಮಂಚದಿಂದ ದನಿ ಬಂದಿತು:

"ಚಪಾತಿ ನಾಕು ಮಡಿಕಿ ಹಾಕ್ರಿ. ಮೂಲಿ ಬರ್ತದಲ್ಲ, ಅದನ್ನ ಮೂರು ಪಾಲು ಮಾಡ್ರಿ. ಒಂದು ಪಾಲಿನಷ್ಟು ಓರೆ, ಅಷ್ಟ."

ಫೋನಿನಲ್ಲಿದ್ದವರೆಲ್ಲ ನಕ್ಕರು, ತಿಳಿಯಿತೆಂದರು. ಎಷ್ಟೋ ತಿಂಗಳ ಮೇಲೆ ನಾನು ಕೇಳಿದ ಅವರ ಮೊದಲ ಉದ್ದನೆಯ ಮಾತು ಅದು. ನನಗೆ ಹೇಳಿದ್ದಲ್ಲ.

ಮುಂದೆ ನಮ್ಮ ಭಾಗದ ಕುಟುಂಬಗಳಿಗೆ ಅವರೇ ಪಾಠ ಮಾಡಬೇಕೆಂದು ತರಗತಿಯವರು ಕೇಳಿಕೊಂಡರು. ಕಲಿತವಳು ನಾನು, ಮಾಸ್ತರರಾದವರು ಅವರು. ಸ್ಟ್ಯಾಂಡಿಗೆ ಸಿಕ್ಕಿಸಿದ ಫೋನಿನಲ್ಲಿ ಅವರ ಮುಖ ಬೀಳುತ್ತಿತ್ತು. ಹೊರಳಿಸಿ ತೋರಿಸುವ ನನ್ನವು ಎರಡು ಕೈಗಳು ಮಾತ್ರ. ಮನೆಯಲ್ಲಿ ಅವರ ಮಾತು "ನೀರು", "ಫ್ಯಾನು", "ಸಾಕು". ತರಗತಿಯಲ್ಲಿ ಹೊಳೆ. ಕಂಡವರ ತಾಯಂದಿರಿಗೆ "ನಿಮ್ಮ ಸೊಂಟಾ ನೋಡ್ಕೋರಿ ಯವ್ವಾ, ಮೊಣಕಾಲು ಬಗ್ಗಿಸಿ ಎತ್ರಿ" ಎನ್ನುವರು. ನನ್ನ ಸೊಂಟ ಅವರ ಗಮನಕ್ಕೆ ಬಂದ ಬಗ್ಗೆ ಯಾವುದೇ ದಾಖಲೆ ಇಲ್ಲ.

ಎಲ್ಲರಿಗಿಂತ ಹೆಚ್ಚಾಗಿ ನನ್ನ ಹೊಟ್ಟೆ ಉರಿಸಿದವಳು ಕಮಲಾಪುರದ ರಜಿಯಾ. ಅವಳ ಗಂಡ ಮೆಹಬೂಬ ಗೌಂಡಿ ಕೆಲಸದವನು, ಕಟ್ಟುತ್ತಿದ್ದ ಗೋಡೆಯ ಮೇಲಿಂದ ಬಿದ್ದವನು. ದಿನಾಲು ಸಂಜೆ ನಾಲ್ಕಕ್ಕೆ ಅವಳ ಕರೆ. "ಮಾಸ್ತರ್ ಸಾಬ್, ಊಟಾ ಆಯ್ತ್ರೀ?" ಎಂದಳೆಂದರೆ ಇವರ ಮುಖ ಅರಳುವುದು. ಗಂಡ ನಕ್ಕರೆ ಹೆಂಡತಿ ಸಂತೋಷಪಡಬೇಕು, ನಿಯಮ ನನಗೂ ಗೊತ್ತು. ನಾನು ಅಡುಗೆಮನೆಗೆ ಹೋಗಿ ಕುಕ್ಕರ್ ಕೂಗಿಸುತ್ತಿದ್ದೆನು. ಅವರ ಮಾತು ಕಿವಿಗೆ ಬೀಳಬಾರದೆಂದು, ಒಳಗೆ ಬೇಳೆಯಿಲ್ಲದೆ ಬರೀ ನೀರಿಟ್ಟೂ ಕೂಗಿಸಿದ್ದುಂಟು.

ಹೋದ ತಿಂಗಳು ತಡೆಯಲಾಗಲಿಲ್ಲ. ಕಮಲಾಪುರದ ಹೆಸರಾಂತ ಕೆಂಪು ಬಾಳೆಹಣ್ಣು ತರುತ್ತೇನೆಂದು ಹೇಳಿ ಅಲ್ಲಿಗೆ ಹೊರಟೆನು. ಇವರ ಬಳಿ ಕೂಡಲು ತಾಜಸುಲ್ತಾನಪುರದಿಂದ ಬಂದಿದ್ದ ನಾದಿನಿ ಕೇಳಿದಳು: "ಕಲಬುರಗಿ ಬಜಾರದಾಗ ಬಾಳಿಹಣ್ಣು ತೀರ್ಯಾವೇನು ವೈನಿ?"

"ಕೆಂಪು ಬೇಕಾಗ್ಯಾವ."

"ನಿಮ್ಮ ಮಾರಿ ಆಗಲೇ ಕೆಂಪಾಗ್ಯಾದಲ್ಲ, ಸಾಲ್ದೇನು?"

ಬಸ್ಸಿನಲ್ಲಿ ಕುಳಿತು ಮನಸ್ಸಿನಲ್ಲಿಯೇ ಕರಡು ಸಿದ್ಧಪಡಿಸಿದೆನು: ಇನ್ನು ಮುಂದೆ ತರಗತಿಯ ದಿನ ಹೊರತು ಕರೆ ಮಾಡತಕ್ಕದ್ದಲ್ಲ. ಬಾಗಿಲು ತೆರೆದ ರಜಿಯಾ ನನಗಿಂತ ಚಿಕ್ಕವಳು, ನನಗಿಂತ ಚೆಲುವೆ. ಕರಡಿನಲ್ಲಿ ಇದಕ್ಕೆ ಅವಕಾಶ ಇಟ್ಟಿರಲಿಲ್ಲ. ನಾನು ಯಾರೆಂದು ಹೇಳುವ ಮೊದಲೇ ಅವಳು ಬಾಗಿಲ ಮೇಲಿದ್ದ ನನ್ನ ಕೈ, ಅದರ ಉಂಗುರ, ಹಂಚಿಗೆ ತಾಗಿ ಸುಟ್ಟ ಕಲೆ ನೋಡಿದಳು.

"ಯಾ ಅಲ್ಲಾ! ಈ ಕೈ! ನಿಮ್ಮ ಮಾರಿ ಎಂದೂ ನೋಡಿಲ್ರೀ ಆಪಾ, ಕೈ ಪ್ರತಿ ಪಾಠದಾಗ ನೋಡ್ತೀನಿ. ಬರ್ರಿ, ಕುಂಡ್ರಿ. ಇವರನ್ನ ಹೊಳ್ಳಿಸೋ ಟೈಮ್ ಆಗ್ಯಾದ, ತಪ್ಪಿದ್ರ ಹೇಳ್ರಿ."

ಮಂಚದ ಪಕ್ಕದಲ್ಲಿದ್ದ ಸ್ಟೀಲ್ ಲೋಟ ಎತ್ತಿ ಚಮಚದಿಂದ ಎರಡು ಸಲ ಬಾರಿಸಿದಳು. ಗಂಡ "ಹ್ಞೂಂ" ಎಂದ ಮೇಲೆ, ಭುಜ ಮತ್ತು ಸೊಂಟ ಒಟ್ಟಿಗೆ ಹಿಡಿದು ಹೊರಳಿಸಿ, ಮೊಣಕಾಲ ನಡುವೆ ದಿಂಬಿಟ್ಟಳು. ಒಂದೂ ತಪ್ಪಿಲ್ಲ.

"ಲೋಟಾ ಯಾಕ?" ಎಂದೆನು.

"ನಮ್ದು ಕಟ್ಟಿಗಿ ಮಂಚಾ ರೀ, ನಿಮ್ಮದರಂಗ ಠಣ್ ಅನ್ನಂಗಿಲ್ಲ."

"ಲೋಟಾ ಬಾರಿಸಿದ್ರ ಚಾ ಬಂತು ಅಂತ ತಿಳೀತೀನಿ. ದಿನಾ ಮೋಸ!" ಎಂದನು ಮೆಹಬೂಬ.

ನಾನು ನಕ್ಕೆನು. "ಅದು ಪಾಠದಾಗಿಲ್ಲವಾ. ನಂದೊಂದು ಚಟ."

"ಹಂಗ ಹೆಂಗ್ರೀ? ಬಡಿಯೂದು ಬೇಕೇನು ಅಂತ ನಾ ಕೇಳೀನಲ್ಲ. ಮಾಸ್ತರ್ ಸಾಬ್ ಅಂದ್ರು, 'ಏನು ಬಿಟ್ರೂ ಅದನ್ನ ಬಿಡಬ್ಯಾಡವಾ. ನಾ ಬಿದ್ದ ಮ್ಯಾಲ ಎಲ್ಲಾರೂ ನನ್ನ ಕೇಳದೆ ಎತ್ತಿದ್ರು, ಕೇಳದೆ ಇಳಿಸಿದ್ರು. ನಮ್ಮಾಕಿ ಒಬ್ಬಾಕಿ ಬಾಗಲಾ ಬಡದಂಗ ಬಡದು, ನಾ ಹ್ಞೂಂ ಅನ್ನೂತನಕ ನಿಂತ್ಲು. ಟಾಕಿ ತೊಳಿ ಅಂದದ್ದು ತನ್ನ ತಪ್ಪು ಅಂತ ಮಾತು ಬಿಟ್ಟಾಳ. ನಿಚ್ಚಣಿಕಿ ಓರೆ ತಪ್ಪಿಸಿ ಇಟ್ಟಾವ ನಾನು, ಗಣಿತದ ಮಾಸ್ತರ!' ನಿಮಗ ಹೇಳಿಲ್ಲೇನ್ರೀ ಆಪಾ?"

ಇಲ್ಲ. ಹೇಳಿಲ್ಲ. ಇಷ್ಟು ವರ್ಷ ನಾನು ಕಾದು ಕುಳಿತಿದ್ದ ಮಾತು, ನನ್ನ ವಿಳಾಸಕ್ಕೆ ಬರಬೇಕಾದದ್ದು, ಕಮಲಾಪುರಕ್ಕೆ ಬಟವಾಡೆಯಾಗಿತ್ತು. ಬಹುಶಃ ನಾನು ಖಾಲಿ ಕುಕ್ಕರ್ ಕೂಗಿಸುತ್ತಿದ್ದಾಗಲೇ. ಅಂದಿನಷ್ಟು ಹೊಟ್ಟೆಕಿಚ್ಚು ನನಗೆ ಹಿಂದೆಂದೂ ಆಗಿರಲಿಲ್ಲ. ಅವಳು ಕೊಟ್ಟ ಚಹಾ ಕುಡಿದು ಬಂದೆನು. ಕರಡು ಹೊರಗೆ ತೆಗೆಯಲಿಲ್ಲ. ಹಣ್ಣು ತರುವುದನ್ನೂ ಮರೆತೆನು. ಒಂದು ತಿಂಗಳು ಆ ಮಾತು ನನ್ನಲ್ಲಿ ವಿಲೇವಾರಿಯಾಗದ ಕಡತದಂತೆ ಉಳಿಯಿತು.

ಈ ದಿನ ಬೆಳಿಗ್ಗೆ ಗೇಟಿನ ಸಪ್ಪಳ ಕೇಳಿ ಮಂಚದ ಬಳಿ ನಿಂತೆನಲ್ಲ, ಮಗ್ಗುಲು ಬದಲಿಸುವ ಹೊತ್ತೂ ಆಗಿತ್ತು. ಉಂಗುರದ ಕೈ ಎತ್ತಿದೆನು. ಇದೇ ಹೊತ್ತಿಗೆ ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರು ಲೋಟಕ್ಕೆ, ತಟ್ಟೆಗೆ, ಕಿಟಕಿಯ ಸರಳಿಗೆ ನನ್ನ ಬಡಿತವನ್ನು ಬಡಿಯುತ್ತಿರುವರೋ ಎನ್ನಿಸಿತು. ಕೈ ಇಳಿಸಿದೆನು.

"ರೀ," ಎಂದೆನು. "ಹೊಳ್ಳಿಸ್ಲೇನು?"

ಅವರು ನನ್ನನ್ನೇ ನೋಡಿದರು. "ಯಾಕ, ಉಂಗುರಾ ಕಳಕೊಂಡ್ಯೇನು?"

"ಅದನ್ನ ಊರಿಗೆಲ್ಲಾ ಹಂಚೀರಲ್ಲ. ನನಗಂತ ಏನರೆ ಉಳಿಸೀರೇನು?"

ಅವರು ಫೋನಿನ ಸ್ಟ್ಯಾಂಡಿನ ಕಡೆಗೆ ನೋಡಿದರು. "ಕಮಲಾಪುರದಾಗ ರಜಿಯಾನ ಮನಿಗೆ ಹೋಗಿದ್ದಿ. ಆಕಿ ಅವತ್ತೇ ಹೇಳ್ಯಾಳ."

"ಹೋಗಿದ್ದೆ. ಆಕಿಗೆ ಹೇಳಿದ್ದು ನನಗ ಹೇಳ್ರಿ."

ಗೇಟಿನಲ್ಲಿ ಮತ್ತೆ ಠಣ್, ಠಣ್. "ತಡೀಪಾ!" ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ಆಮೇಲೆ ಅವರು, ಮೇಲಿನ ಫ್ಯಾನು ನೋಡುತ್ತ, ಮೆಲ್ಲಗೆ ಹೇಳಿದರು: "ನಿಚ್ಚಣಿಕಿ ಇಟ್ಟಾವ ನಾನು. ನಿಂದೇನೂ ತಪ್ಪಿಲ್ಲ."

ಮೊದಲು ಅವರ ಮಗ್ಗುಲು ಬದಲಿಸಿದೆನು. ಆಮೇಲೆ ಗ್ಯಾಸು.

ಹೊಟ್ಟೆಕಿಚ್ಚು ಪೂರ್ಣವಾಗಿ ಶಮನವಾಗಿದೆಯೆಂದು ನಾನು ದೃಢೀಕರಿಸಲಾರೆ. ಸಂಜೆ ನಾಲ್ಕಕ್ಕೆ ರಜಿಯಾಳ ಕರೆ ಬಂದಾಗ ಕುಕ್ಕರ್ ಇಡಲಿಲ್ಲ. ಮಂಚದ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತು, ಫೋನಿನ ಸ್ಟ್ಯಾಂಡನ್ನು ನನ್ನ ಮುಖವೂ ಬೀಳುವಂತೆ ತಿರುಗಿಸಿದೆನು. ಹೆಚ್ಚೇನಿಲ್ಲ; ಚಪಾತಿಯ ಒಂದು ಪಾಲಿನಷ್ಟು ಓರೆ.