ಎಂಬತ್ತು ಕಿಲೋ ಮತ್ತು ಒಂದು ಕುರ್ಚಿ

ಗೋದಾಮಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದುದು ಕ್ರೇನ್ ಎಂದೇ. ಇಪ್ಪತ್ತೆರಡು ವರ್ಷ ಸಿಮೆಂಟ್ ಮೂಟೆ ಹೊತ್ತ ಮೇಲೆ ಆ ಕ್ರೇನಿನ ಮಂಡಿಗಳು ಮೆಟ್ಟಿಲು ಕಂಡರೆ ಮುನಿಸಿಕೊಳ್ಳತೊಡಗಿದ್ದವು. ಅದೇ ಹೊತ್ತಿಗೆ ಮೇಲ್ವಿಚಾರಕ ನಿವೃತ್ತನಾಗಿ ಅವನ ಕುರ್ಚಿ ಖಾಲಿಯಾಯಿತು. ಆಟೋಟದ ಹುಚ್ಚಿನ ಮ್ಯಾನೇಜರು ತಡಮಾಡದೆ ಘೋಷಿಸಿಬಿಟ್ಟರು: ಕ್ರೀಡಾದಿನದಂದು ತುದಿಗಳಿಗೆ ತೂಕ ಸಿಕ್ಕಿಸಿದ ಬಾರ್‌ಬೆಲ್ಲನ್ನು ನೆಲದಿಂದ ಒಂದೇ ನೆಗೆತಕ್ಕೆ ಹೆಗಲಿಗೇರಿಸಿ, ಎಲ್ಲರಿಗಿಂತ ಚೆನ್ನಾಗಿ ಎತ್ತಿದ ಹಮಾಲಿಗೆ ಆ ಕುರ್ಚಿ. ಭಾರ ಹೊರುವುದು ತಪ್ಪಬೇಕಾದರೆ ಮೊದಲು ಭಾರ ಎತ್ತಬೇಕು. ಆಡಳಿತದ ಜಾಣತನ ಅಂದರೆ ಸುಮ್ಮನೆಯೇ?

“ಎತ್ತೋದ್ರಲ್ಲಿ ನಂಗೇನು ಕಲಿಯೋದಿದೆ?” ಎಂದ ಕ್ರೇನ್.

ದಿನಾ ಆ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದವಳು ಹೆಂಡತಿ. “ಕುರ್ಚಿ ಸಿಗದಿದ್ರೆ ಇನ್ನೆರಡು ವರ್ಷಕ್ಕೆ ಹಾಸಿಗೆ ಹಿಡೀತೀರಿ. ಸುಮ್ನೆ ಹೋಗಿ ಕಲೀರಿ” ಎಂದು ಜಿಮ್ಮಿಗೆ ಅಟ್ಟಿದಳು.

ಅಲ್ಲಿನ ಕೋಚ್ ಒಂದು ಮೂಟೆಯಷ್ಟೂ ತೂಗದ ಸಣಕಲು ಹೆಂಗಸು. ಅವನ ಕೈಗೆ ಕೊಟ್ಟದ್ದು ನೆಲ ಒರೆಸುವ ಕೋಲು. ಅದನ್ನೂ ಅವನು ತಪ್ಪಾಗಿಯೇ ಎತ್ತಿದ. ಮೂಟೆ ಕೂರುವುದು ಬೆನ್ನಿನ ಮೇಲೆ. ಭಾರ ಮೇಲೇರಿದ್ದೇ ತಡ, ಹಮಾಲಿಯ ತಲೆ ತಾನಾಗಿ ಬಗ್ಗಿ ಜಾಗ ಬಿಡುತ್ತದೆ. ಬಾರ್‌ಬೆಲ್ ಬಂದು ಕೂರುವುದು ಮುಂದೆ, ಕೊರಳಿನ ಕೆಳಗೆ. ತಲೆ ಬಗ್ಗಿಸಿದಾಗಲೆಲ್ಲ ಕೋಲು ಗದ್ದಕ್ಕೆ ಬಡಿಯಿತು.

“ಯಾರಿಗೆ ನಮಸ್ಕಾರ ಮಾಡ್ತಿದೀರಿ?” ಎಂದಳು ಕೋಚ್. “ಎದೆ ಎತ್ತಿ. ಕೈಯಲ್ಲಿ ಎಳೀಬೇಡಿ, ಕೈ ಬರೀ ಹಗ್ಗ. ಮಂಡಿ ದಾಟೋವರೆಗೂ ನಿಧಾನ, ತೊಡೆಗೆ ಬಂದ ಕೂಡ್ಲೇ ನೆಗೀರಿ. ಬಾರ್ ಮೇಲೆ ಹೋಗ್ತಿರುವಾಗ್ಲೇ ಮೊಣಕೈ ಮುಂದೆ ತಂದು ಅದರ ಕೆಳಗೆ ನುಸುಳಿ.”

ಎರಡು ತಿಂಗಳು ಬರೀ ಕೋಲು. ಕ್ರೇನ್ ಕಸ ಗುಡಿಸೋದು ಕಲೀತಿದೆಯಂತೆ ಎಂದು ಗೋದಾಮು ನಕ್ಕಿತು. ನಾಚಿಕೆಯಾದರೂ ಅವನು ಬಿಡಲಿಲ್ಲ. ನಾಲ್ಕನೇ ತಿಂಗಳ ಒಂದು ಬೆಳಗ್ಗೆ ಎಂಬತ್ತು ಕಿಲೋ ಸದ್ದಿಲ್ಲದೆ ಬಂದು ಹೆಗಲ ಮೇಲೆ ಕೂತಿತು. ತಲೆ ಬಗ್ಗಲಿಲ್ಲ. ಅವನಿಗೆ ಮಗುವಿನಷ್ಟು ಖುಷಿಯಾಯಿತು.

ಕ್ರೀಡಾದಿನದಲ್ಲೂ ಹಾಗೇ ಆಯಿತು: ಎಂಬತ್ತು, ಒಂದೇ ನೆಗೆತ, ನೆಟ್ಟಗೆ ನಿಂತ, ಇಳಿಸಿದ. ಚಪ್ಪಾಳೆ ಎರಡೋ ಮೂರೋ ಬಿದ್ದವು. ಮುಂದಿನ ಸರದಿ ಕಲಿಕೆಯ ಗೊಡವೆಗೇ ಹೋಗದ ಒಬ್ಬ ದಡೂತಿ ಹಮಾಲಿಯದು. ಅವನು ಅರವತ್ತು ಕಿಲೋಕ್ಕೇ ಬೆನ್ನು ಬಿಲ್ಲಾಗಿಸಿ, ತಿಣುಕಿ, ಕಣ್ಣುಗುಡ್ಡೆ ಹೊರಬರುವ ಹಾಗೆ ಅರಚಿ, ಅಂತೂ ಹೆಗಲಿಗೇರಿಸಿ ಅಲ್ಲೇ ಕುಸಿದ. ಮೈದಾನವಿಡೀ ಎದ್ದು ನಿಂತಿತು. ಮ್ಯಾನೇಜರು ಕಣ್ಣೊರೆಸಿಕೊಂಡರು.

“ಶ್ರಮ ಅಂದ್ರೆ ಇದು! ಪಾಪ, ಇವನು ಕೂರಲಿ.”

“ಸಾರ್, ನಂದು ಎಂಬತ್ತು...” ಎಂದ ಕ್ರೇನ್.

“ನಿಂಗೇನಯ್ಯಾ ಕಷ್ಟ? ಇನ್ನೂ ಹತ್ತು ವರ್ಷ ಆರಾಮಾಗಿ ಎತ್ತುತೀಯ” ಎಂದು ಬೆನ್ನು ತಟ್ಟಿದರು.

ಮನೆಗೆ ಹೋಗಿ ಹೆಂಡತಿಗೆ ಮುಖ ತೋರಿಸುವ ಧೈರ್ಯವಿಲ್ಲದೆ ಕ್ರೇನ್ ನೇರ ಜಿಮ್ಮಿಗೆ ಹೋದ. ಕೋಚ್ ಒಬ್ಬಳೇ ಬಾರ್‌ಗಳನ್ನು ಒರೆಸುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿ, “ಮೇಡಂ, ತಿಣುಕೋದನ್ನ ಯಾಕೆ ಹೇಳಿಕೊಡ್ಲಿಲ್ಲ?” ಎಂದು ಕೇಳಿದ.

“ನಂಗೆ ಬಂದ್ರೆ ತಾನೆ ಹೇಳಿಕೊಡೋದು?” ಎಂದಳು ಅವಳು, ಒರೆಸುವುದನ್ನು ನಿಲ್ಲಿಸದೆ. “ಬಂದಿದ್ರೆ ನಾನೂ ಇಷ್ಟೊತ್ತಿಗೆ ಯಾವ್ದೋ ಕುರ್ಚೀಲಿ ಕೂತಿರ್ತಿದ್ದೆ.”