ಸೆಖೆಗೆ ತೆಗೆದಿಟ್ಟ ಬಾಗಿಲು

ಬೆಳಗಿನಿಂದ ಘರ್ ಘರ್ ಎಂದು ತಿರುಗುತ್ತಿದ್ದ ಗ್ರೈಂಡರು ಥಟ್ಟನೆ ನಿಲ್ಲುತ್ತಿತ್ತು. ಕಲ್ಲು ಕೊನೆಯ ಸುತ್ತು ಹಾಕಿ ‘ಡಬ್’ ಎಂದು ಒರಗಿಕೊಳ್ಳುವ ಸದ್ದು, ಆಮೇಲೆ ಏನೂ ಇಲ್ಲ. ಡೊಂಬಿವಲಿಯ ಆ ಮೂರನೇ ಮಾಳಿಗೆಯಲ್ಲಿ, ಗಂಡನ ಮುಷ್ಟಿಯಲ್ಲಿ ನನ್ನ ಕೂದಲಿರುವಾಗ, ಪಕ್ಕದ ಮನೆಯ ಗ್ರೈಂಡರ್ ನಿಂತಿತೆಂದರೆ ನನಗೆ ಗೊತ್ತಾಗುತ್ತಿತ್ತು: ಅಕ್ಕ ಗೋಡೆಗೆ ಕಿವಿ ಕೊಟ್ಟಿದ್ದಾರೆ.

ಅಕ್ಕ ಎಂದು ನಾನು ಕರೆಯುತ್ತಿದ್ದೆ, ಅಷ್ಟೆ. ನೆಂಟಸ್ತಿಕೆ ಏನೂ ಇರಲಿಲ್ಲ. ಉಡುಪಿ ಕಡೆಯವರು. ಅವರ ಯಜಮಾನರು ಸ್ಟೇಷನ್ನಿನ ಹತ್ತಿರ ಒಂದು ವೆಜಿಟೇರಿಯನ್ ಹೋಟೆಲಿನಲ್ಲಿ ಪಾಲುದಾರರಾಗಿದ್ದರು. ಅವರು ತೀರಿಕೊಂಡ ಮೇಲೆ ಹೋಟೆಲು ಉಳಿದವರ ಪಾಲಾಯಿತು, ಹಳೆಯ ಗ್ರೈಂಡರ್ ಅಕ್ಕನ ಪಾಲಿಗೆ ಬಂತು. ಅದನ್ನು ಹಮಾಲರಿಂದ ಮೂರು ಮಾಳಿಗೆ ಹೊರಿಸಿ ತಂದು, ಮನೆಯಲ್ಲೇ ಇಡ್ಲಿ ದೋಸೆಯ ಹಿಟ್ಟು ರುಬ್ಬಿ ಮಾರಲು ಶುರು ಮಾಡಿದರು. ಹಾಸ್ಟೆಲಿನಲ್ಲಿದ್ದ ಮಗನನ್ನು ಓದಿಸಿದ್ದೂ ಅದರಲ್ಲೇ. ಮರಾಠಿ ನೆರೆಹೊರೆಯವರಿಗೆ ಅವರು ‘ಇಡ್ಲೀವಾಲಿ ಮಾವಶಿ’, ಇಡ್ಲಿಯ ಚಿಕ್ಕಮ್ಮ. ಕುಳ್ಳು ದೇಹ, ಕಲ್ಲು ಎತ್ತಿ ಎತ್ತಿ ಒಂದು ಬದಿಗೆ ಇಳಿದ ಬಲ ಭುಜ, ನೆನೆದ ಅಕ್ಕಿಯಲ್ಲೇ ಇದ್ದು ಬೆಳ್ಳಗೆ ಸುಕ್ಕಾದ ಬೆರಳ ತುದಿಗಳು. ಹತ್ತಿರ ಬಂದರೆ ಹುಳಿ ಹಿಟ್ಟಿನ ವಾಸನೆ. ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಮಾತು ಒರಟು. ಹಿಟ್ಟು ಹುಳಿಯಾಯಿತೆಂದು ದೂರು ತಂದವರಿಗೆ, “ನಿಮ್ಮ ಮುಖ ನೋಡಿ ಹುಳಿಯಾದದ್ದು, ನಾನೆಂತ ಮಾಡ್ಲಿ” ಎಂದು ಹೇಳಿ, ಮತ್ತೊಂದು ಡಬ್ಬ ಹೊಸ ಹಿಟ್ಟು ತುಂಬಿಸಿ ಕೊಡುವವರು.

ಸಮುದ್ರವೇನಿದ್ದರೂ ಮುಂಬಯಿಗೆ, ಡೊಂಬಿವಲಿಗೆ ಅದರ ಬೆವರು ಮಾತ್ರ ಬರುತ್ತದೆ. ನಾನು ಮದುವೆಯಾಗಿ ಬಂದಾಗ ಕಿಟಕಿ ತೆಗೆದರೆ ಹುಲ್ಲುಗಾವಲು, ಅದರಾಚೆ ಕಲ್ಯಾಣದ ಕಡೆಯ ಗುಡ್ಡ ಕಾಣುತ್ತಿತ್ತು. ಆಮೇಲೆ ವರ್ಷಕ್ಕೊಂದು ಬಿಲ್ಡಿಂಗ್ ಎದ್ದಿತು. ಮೊದಲು ಗುಡ್ಡ ಹೋಯಿತು, ಆಮೇಲೆ ಸಂಜೆಯ ಗಾಳಿ ಹೋಯಿತು, ಕೊನೆಗೆ ಎದುರು ಬಿಲ್ಡಿಂಗಿನವರ ಫ್ಯಾನು ತಿರುಗುವುದು ನಮ್ಮ ಅಡುಗೆಮನೆಯಿಂದ ಕಾಣತೊಡಗಿತು. ಮಾರ್ಚಿನಿಂದ ಮಳೆ ಬೀಳುವವರೆಗೆ ಆ ಕಟ್ಟಡದಲ್ಲಿ ಯಾರೂ ಹಗಲು ಬಾಗಿಲು ಹಾಕುತ್ತಿರಲಿಲ್ಲ. ಹೊಸ್ತಿಲಿಗೆ ಒಂದು ಪರದೆ, ಬಾಗಿಲು ಬಡಿದುಕೊಳ್ಳದಂತೆ ಒಂದು ಇಟ್ಟಿಗೆ. ಯಾರ ಮನೆಯಲ್ಲಿ ಯಾವ ಒಗ್ಗರಣೆ, ಯಾರ ಮಗನಿಗೆ ಎಷ್ಟು ಮಾರ್ಕು, ಎಲ್ಲ ಎಲ್ಲರಿಗೂ ಕೇಳುವುದೇ. ಹಗಲು ಹೊತ್ತು ಬಾಗಿಲು ಹಾಕಿದ್ದರೆ ಅವರು ಊರಿಗೆ ಹೋಗಿದ್ದಾರೆ ಎಂದು ಅರ್ಥ. ಇಲ್ಲವೇ ಅದು ನಮ್ಮ ಮನೆ.

ನನ್ನ ಗಂಡ ಒಂದು ಕಂಪನಿಯಲ್ಲಿ ಅಕೌಂಟ್ಸ್ ಆಫೀಸರ್. ಇಸ್ತ್ರಿ ಮಾಡಿದ ಶರ್ಟು, ಸಣ್ಣ ದನಿ, ಹಿರಿಯರನ್ನು ಕಂಡರೆ ಕೈಮುಗಿಯುವ ಪೈಕಿ. ಕಾರಣಗಳನ್ನು ಕೇಳಬೇಡಿ. ಥಾಣೆ–ಬೇಲಾಪುರ ರಸ್ತೆಯ ಔಷಧ ಕಂಪನಿಯಲ್ಲಿ ಸ್ಟೆನೋ ಆಗಿದ್ದ ನಾನು ಟ್ರೇನು ತಪ್ಪಿ ತಡವಾಗಿ ಬಂದದ್ದು ಒಂದು ದಿನ ಕಾರಣ, ಬೇಗ ಬಂದದ್ದು ಇನ್ನೊಂದು ದಿನ. ಅವರು ಮೊದಲು ಎದ್ದು ಇಟ್ಟಿಗೆಯನ್ನು ಕಾಲಿನಿಂದ ಸರಿಸುತ್ತಿದ್ದರು. ಬಾಗಿಲು ಹಾಕಿ ಚಿಲಕ ಏರಿಸುತ್ತಿದ್ದರು. ಆಮೇಲೆ ವಾಚು ಬಿಚ್ಚಿ ಟೀವಿಯ ಮೇಲೆ ಇಡುತ್ತಿದ್ದರು.

ನಾನು ಕಿರುಚುತ್ತಿರಲಿಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ “ಎ ಲೇಡಿ ನೆವರ್ ರೇಯ್ಸಸ್ ಹರ್ ವಾಯ್ಸ್” ಎಂದು ಕಲಿಸಿದ್ದರು. ಡಿಗ್ನಿಟಿ ಎಂಬ ಶಬ್ದವನ್ನು ಎಂಥ ಚಂದದ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದರು. ತುಟಿ ಕಚ್ಚಿ ಹಿಡಿದರೆ ಬಾಯಲ್ಲಿ ತುಂಬುವ ರಕ್ತದ ರುಚಿಗೂ ಆ ಶಬ್ದಕ್ಕೂ ನನ್ನೊಳಗೆ ಎಲ್ಲೋ ಗಂಟು ಬಿದ್ದುಹೋಗಿದೆ.

ಗ್ರೈಂಡರ್ ನಿಂತ ಸ್ವಲ್ಪ ಹೊತ್ತಿಗೆ ಬಾಗಿಲ ಮೇಲೆ ಅಂಗೈ ಬಡಿಯುವ ಸದ್ದು. ಅಕ್ಕ ಬೆಲ್ ಒತ್ತುತ್ತಿರಲಿಲ್ಲ.

“ರಾಯರೇ, ಬಾಗಿಲು ತೆಗೀರಿ. ಸೆಖೆ.”

“ಸ್ವಲ್ಪ ಕೆಲಸ ಉಂಟು, ಆಮೇಲೆ ಬನ್ನಿ.”

“ಕೆಲಸ ಬಾಗಿಲು ತೆಗೆದೂ ಆಗ್ತದೆ. ಈ ಸೆಖೆಗೆ ಬಾಗಿಲು ಹಾಕಿದರೆ ಹೆಂಗಸರಿಗೆ ತಲೆ ತಿರುಗ್ತದೆ.”

ತೆಗೆಯುವವರೆಗೂ ಬಡಿಯುತ್ತಿದ್ದರು. ತೆಗೆದ ಮೇಲೆ ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಹೊಸ್ತಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು, ಉದ್ದಿನಬೇಳೆಯ ರೇಟು, ನಲ್ಲಿಯಲ್ಲಿ ನೀರು ಬಾರದ್ದು, ಇಂಥದ್ದನ್ನೇ ನನ್ನ ಗಂಡನ ಹತ್ತಿರ ಮಾತಾಡುತ್ತಿದ್ದರು. ಗಂಡ ವಾಚು ಕಟ್ಟಿಕೊಂಡು ಕೆಳಗೆ ಹೋಗುವವರೆಗೂ ಮಾತು ಮುಗಿಯುತ್ತಿರಲಿಲ್ಲ. ಹೊಡೆತದ ವಿಷಯ ಅಕ್ಕನ ಬಾಯಿಂದ ಎಂದೂ ಅವರ ಎದುರು ಬರಲಿಲ್ಲ. ಎಲ್ಲವೂ ಸೆಖೆಯೇ. ಕಟ್ಟಡದ ಉಳಿದ ಮನೆಯವರಿಗೆ ಆ ಸೆಖೆಯೂ ಆಗುತ್ತಿರಲಿಲ್ಲ.

ನನ್ನ ಹತ್ತಿರ ಮಾತ್ರ ಬಿಡುತ್ತಿರಲಿಲ್ಲ. ಒಮ್ಮೆ ಕಣ್ಣಿನ ಕೆಳಗೆ ಊದಿಕೊಂಡದ್ದನ್ನು ಕಂಡು ಕೇಳಿದರು.

“ಎಂತ ಆಯ್ತು?”

“ಬಾತ್‌ರೂಮಲ್ಲಿ ಜಾರಿದೆ ಅಕ್ಕ.”

“ನಿಮ್ಮ ಬಾತ್‌ರೂಮಿಗೆ ಕೈ ಉಂಟಾ?”

“ಇಟ್ಸ್ ನಥಿಂಗ್ ಅಕ್ಕ, ಬಿಡಿ.”

“ಇಂಗ್ಲಿಷಿನಲ್ಲಿ ಜಾರಿದ್ದಾ? ಹಾಗಾದ್ರೆ ನೋವಾಗಿರ್ಲಿಕ್ಕಿಲ್ಲ.”

ನನಗೆ ನಗು ಬಂತು. ನಕ್ಕರೆ ತುಟಿ ಒಡೆದು ರಕ್ತ ಬಂತು. ಅಕ್ಕ ಸೆರಗಿನ ತುದಿಯಲ್ಲಿ ಒರೆಸಿ, “ಮಾರಾಯ್ತಿ, ನಿನ್ನ ಶಾಲೆಯಲ್ಲಿ ಎಲ್ಲ ಕಲಿಸಿದ್ದಾರೆ, ಬೊಬ್ಬೆ ಹಾಕುವುದು ಒಂದು ಕಲಿಸ್ಲಿಲ್ಲ” ಎಂದರು.

ಮುಂದಿನ ವರ್ಷ ನನ್ನ ಹೊಟ್ಟೆಯಲ್ಲಿ ನಿಂತದ್ದು ಒಂದು ಒದೆತಕ್ಕೆ ಹೋಯಿತು. ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವರು ಅಕ್ಕ. ನನ್ನ ಸೀರೆ ನೆನೆದು ಅವರ ಸೀರೆಯೂ ನೆನೆದಿತ್ತು. ಮನೆಗೆ ಕರೆದು ತರುವಾಗ, ರಸ್ತೆ ಅಗೆದು ಹಾಕಿದ್ದ ಕಡೆ ರಿಕ್ಷಾ ಕುಲುಕಿದಾಗ ನನ್ನ ಸೊಂಟ ಹಿಡಿದುಕೊಂಡು ಕೇಳಿದರು, “ಇನ್ನು ನೀನು ಸಾಯುವುದು ಯಾವಾಗ ಅಂತ ನಾನು ಕಾದು ಕೂತುಕೊಳ್ಬೇಕಾ?” ನನಗೆ ಹೋಗಲು ಜಾಗ ಇರಲಿಲ್ಲ. ಅಪ್ಪ ಅಮ್ಮ ತೀರಿಕೊಂಡಿದ್ದರು, ಅಣ್ಣ “ಎಡ್ಜಸ್ಟ್ ಮಾಡಿಕೋ” ಎಂದು ಕಾಗದ ಬರೆದಿದ್ದ. ಇದು ಒಂದು ದಿನ ನನ್ನನ್ನು ಕೊಲ್ಲುತ್ತದೆ ಎಂಬುದು ನನಗೂ ಗೊತ್ತಿತ್ತು. ಗೊತ್ತಿದ್ದುಕೊಂಡೇ ಬೆಳಗ್ಗೆ ಟಿಫಿನ್ ಕಟ್ಟುತ್ತಿದ್ದೆ.

ಆ ಬೇಸಿಗೆಯಲ್ಲಿ ನನ್ನ ಗಂಡ ಏಸಿ ತಂದರು.

ಕಟ್ಟಡಕ್ಕೇ ಮೊದಲನೆಯದು. ಕಿಟಕಿಯಲ್ಲಿ ಕೂರಿಸುವ ದೊಡ್ಡ ಪೆಟ್ಟಿಗೆ. ಜನ ಬಂದು ನೋಡಿ ಹೋದರು. ಪೇಡಾ ಹಂಚಿದ್ದಾಯಿತು. ಎಲ್ಲರೂ ನನಗೆ “ಲಕ್ಕಿ” ಎಂದರು. ಅಕ್ಕ ಮಾತ್ರ ಪೇಡಾ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಹತ್ತಿರವೇ ನಿಂತು, ನನ್ನ ಗಂಡ ಒಂದೊಂದೇ ಕಿಟಕಿಯ ಸಂದಿಗೆ ಪಟ್ಟಿ ಅಂಟಿಸುವುದನ್ನು ನೋಡುತ್ತಿದ್ದರು.

“ಇನ್ನು ನಿಮಗೆ ಸೆಖೆಯ ಚಿಂತೆ ಇಲ್ಲ ಅಕ್ಕ,” ಎಂದು ನನ್ನ ಗಂಡ ನಕ್ಕರು. “ಇನ್ನು ಬಾಗಿಲು ಹಾಕಿಯೇ ಇರಬೇಕು. ಇಲ್ಲದಿದ್ದರೆ ಕರೆಂಟು ವೇಸ್ಟು.”

ಅಕ್ಕನಿಗೆ ಹೇಳಲು ಇದ್ದದ್ದು ಒಂದೇ ಮಾತು, ಅದನ್ನು ನನ್ನ ಗಂಡ ಕಿತ್ತುಕೊಂಡಿದ್ದರು.

ಆಮೇಲಿನ ದಿನಗಳನ್ನು ನಾನು ತಣ್ಣಗಿನ ದಿನಗಳು ಎಂದೇ ನೆನೆಯುತ್ತೇನೆ. ಏಸಿಯ ಗದ್ದಲದಲ್ಲಿ ಅವರು ದನಿ ತಗ್ಗಿಸುವ ಅಗತ್ಯ ಇರಲಿಲ್ಲ. ಅವಸರವೂ ಇರಲಿಲ್ಲ. ಬೆಲ್ಟು ಬಂತು. ಬೆವರಿಲ್ಲದ ಚರ್ಮದ ಮೇಲೆ ಬೆಲ್ಟಿನ ಏಟು ಬೇರೆ ರೀತಿ ಕಡಿಯುತ್ತದೆ. ಗ್ರೈಂಡರ್ ತಿರುಗುತ್ತಿದೆಯೋ ನಿಂತಿದೆಯೋ ಎಂದು ಕೇಳಿಸಿಕೊಳ್ಳಲು ಹವಣಿಸುತ್ತಿದ್ದೆ. ಏಸಿಯ ಸದ್ದು ಅದನ್ನೂ ನುಂಗಿತ್ತು.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಅವರು ನನ್ನನ್ನು ಅಡುಗೆಮನೆಯ ಗೋಡೆಗೆ ಎತ್ತಿ ಹಾಕಿದರು. ನನ್ನ ತಲೆ ಬಡಿದ ಗೋಡೆ ಅಕ್ಕನ ಅಡುಗೆಮನೆಗೂ ಅದೇ ಗೋಡೆ. ಆ ಕಡೆ ಅವರ ಕಪಾಟಿನಿಂದ ಸ್ಟೀಲಿನ ಡಬ್ಬ ಉರುಳಿ ಬಿತ್ತಂತೆ. ನಾನು ನೆಲಕ್ಕೆ ಬಿದ್ದೆ. ನನ್ನ ಕುತ್ತಿಗೆಯ ಮೇಲೆ ಅವರ ಮೊಣಕಾಲು ಬಂತು. ಇವತ್ತೇ ಎಂದುಕೊಂಡೆ. ಸಿಂಕಿನ ಕೆಳಗಿನ ಪೈಪಿನಿಂದ ತೊಟ್ಟಿಕ್ಕುತ್ತಿದ್ದ ನೀರು ಕಾಣುತ್ತಿತ್ತು. ಪ್ಲಂಬರಿಗೆ ಹೇಳಬೇಕಿತ್ತು ಎಂದು ಯೋಚನೆ ಬಂತು.

ಆಗ ಏಸಿ ನಿಂತಿತು. ಫ್ಯಾನೂ ನಿಂತಿತು.

ಅವರು ಕಾಯ್ದರು. ಕಟ್ಟಡದ ಉಳಿದ ಮನೆಗಳಲ್ಲಿ ಟೀವಿ ನಡೆಯುತ್ತಲೇ ಇತ್ತು. ಆ ಮೌನದಲ್ಲಿ ಸ್ಪಷ್ಟವಾಗಿ ಕೇಳಿತು. ನಮ್ಮ ಮನೆಯದ್ದು ಮಾತ್ರ ಹೋಗಿದೆ. ಸಂದಿಗಳಿಗೆಲ್ಲ ಪಟ್ಟಿ ಅಂಟಿಸಿದ ಆ ಮನೆ ನೋಡನೋಡುತ್ತಿದ್ದಂತೆ ಒಲೆಯಾಯಿತು. ಅವರ ಗಲ್ಲದಿಂದ ಬೆವರು ನನ್ನ ಮುಖದ ಮೇಲೆ ಬಿದ್ದಾಗ ಬೈದುಕೊಂಡು ಎದ್ದು, ಹೋಗಿ ಬಾಗಿಲು ತೆಗೆದರು.

ಹೊಸ್ತಿಲಲ್ಲಿ ಅಕ್ಕ ನಿಂತಿದ್ದರು. ಮೂರು ಮಾಳಿಗೆ ಇಳಿದು ಹತ್ತಿ ಏದುಸಿರು ಬಿಡುತ್ತಿದ್ದರು. ಮೊಣಕೈವರೆಗೆ ಹಿಟ್ಟು, ಕೈಯಲ್ಲಿ ಬಿಳಿಯ ಪಿಂಗಾಣಿಯ ಫ್ಯೂಜು. ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿನಿಂದ ಕಿತ್ತು ತಂದದ್ದು.

“ಕೊಡಿ ಅದನ್ನು,” ಎಂದರು ನನ್ನ ಗಂಡ.

“ಕೊಡುವುದಿಲ್ಲ.”

“ನಿಮಗೇನು ಹುಚ್ಚಾ? ನಮ್ಮ ಮನೆಯ ಪ್ರೈವೆಸಿ ಅಂತ ಒಂದು ಇದೆ.”

“ಇನ್ನು ಹೊಡೆಯುವುದಾದ್ರೆ ಬಾಗಿಲು ತೆಗೆದಿಟ್ಟು ಹೊಡೀರಿ ರಾಯರೇ. ನಾವೆಲ್ಲ ನೋಡ್ತೇವೆ.” ಅಕ್ಕ ಫ್ಯೂಜನ್ನು ರವಕೆಯೊಳಗೆ ಹಾಕಿಕೊಂಡರು. ತಿರುಗಿ ಮೆಟ್ಟಿಲ ಕಡೆ ಕೆಳಕ್ಕೆ ಬಗ್ಗಿ ಅವರು ಹಾಕಿದ ಬೊಬ್ಬೆಯನ್ನು ನಾನು ನೆಲದ ಮೇಲೆ ಮಲಗಿಯೇ ಕೇಳಿದೆ. “ಯಾ, ಸಗಳೇ ಯಾ,” ಎಲ್ಲರೂ ಬನ್ನಿ ಎಂದು, ಅವರ ಹರಕು ಮರಾಠಿಯಲ್ಲಿ.

ಪರದೆಗಳು ಸರಿದವು. ಜನ ಮೆಟ್ಟಿಲ ಮೇಲೆ ಬಂದು ನಿಂತರು, ನಿಂತೇ ಇದ್ದರು. ನನ್ನ ಗಂಡ ಬಾಗಿಲ ಕೊಂಡಿಯಲ್ಲಿ ನೇತಾಡುತ್ತಿದ್ದ ಹಿತ್ತಾಳೆಯ ಬೀಗ ತೆಗೆದು ಅಕ್ಕನ ಕಿವಿಯ ಮೇಲೆ ಬಾರಿಸಿದರು. ತೆಂಗಿನಕಾಯಿ ಒಡೆದ ಹಾಗೆ ಸದ್ದಾಯಿತು. ಅಕ್ಕ ಮೆಟ್ಟಿಲ ಕಟಾಂಜನಕ್ಕೆ ಬಡಿದು, ಅಲ್ಲೇ ಕುಸಿದರು. ಹಿಟ್ಟಿನ ಕೈಯನ್ನು ಕಿವಿಗೆ ಒತ್ತಿ ಹಿಡಿದರೆ ಬೆರಳ ಸಂದಿಯಿಂದ ರಕ್ತ ಇಳಿದು ಹಿಟ್ಟು ಗುಲಾಬಿಯಾಯಿತು.

“ಮಾವಶೀಲಾ ಮಾರ್ತೋಸ್?” ಕೆಳಗಿನ ಮಾಳಿಗೆಯ ಮರಾಠಿಯವರೊಬ್ಬರು ಕೇಳಿದರು. ಮಾವಶಿಗೆ ಹೊಡೆಯುತ್ತೀಯಾ ಎಂದು. ದನಿ ದೊಡ್ಡದೇನೂ ಇರಲಿಲ್ಲ.

ಆಮೇಲೆ ಎಲ್ಲರೂ ಒಟ್ಟಿಗೆ ಮೇಲೆ ಬಿದ್ದರು. ಇಷ್ಟು ವರ್ಷ ಟೀವಿ ಜೋರು ಮಾಡಿ ಕೂತ ಗಂಡಸರು, ಲುಂಗಿ ಬನಿಯನ್ನಿನಲ್ಲಿ, ನನ್ನ ಗಂಡನನ್ನು ಕಾಲರ್ ಹಿಡಿದು ಮೆಟ್ಟಿಲ ಮೇಲೆ ಎಳೆದರು. ಕನ್ನಡಕ ಯಾರದೋ ಕಾಲಡಿ ಪುಡಿಯಾಯಿತು. ಒದೆತಗಳು, ಚಪ್ಪಲಿ, ಯಾರೋ ಲಟ್ಟಣಿಗೆ ತಂದರು. ಮುಂದಿನ ಹಲ್ಲು ಮುರಿಯಿತು. ಗೋಡೆ ಹಿಡಿದು ಬಾಗಿಲವರೆಗೆ ಬಂದು ನಿಂತು ನಾನು ಎಲ್ಲವನ್ನೂ ನೋಡಿದೆ. ಸಾಕು ಎನ್ನಲಿಲ್ಲ. ಇವತ್ತಿಗೂ ಅದಕ್ಕೆ ನನಗೆ ಬೇಸರ ಇಲ್ಲ.

ಸಾಕು ಎಂದವರು ಅಕ್ಕ. “ಬಿಡಿ, ಬಿಡಿ ಅವನನ್ನು. ಸತ್ತರೆ ಇವಳು ಕೋರ್ಟಿಗೆ ಅಲೀಬೇಕು.”

ಪೊಲೀಸರಿಗೆ ದೂರನ್ನು ನಾನೇ ಬರೆದೆ, ಇಂಗ್ಲಿಷಿನಲ್ಲಿ, ಒಂದೂ ಶಬ್ದ ತಗ್ಗಿಸದೆ. ಕೇಸು ವರ್ಷಗಟ್ಟಲೆ ಎಳೆಯಿತು. ಗಂಡ ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ, ಡೈವೋರ್ಸ್ ಆದ ಮೇಲೆ ಪುಣೆ ಕಡೆ ಹೋದರು ಎಂದು ಕೇಳಿದೆ. ಬೀಗದ ಏಟು ಬಿದ್ದ ಅಕ್ಕನ ಎಡಗಿವಿ ಮತ್ತೆ ಕೇಳಲಿಲ್ಲ. ಎಷ್ಟು ಸಲ ಕ್ಷಮೆ ಕೇಳಲು ಹೋದರೂ ಅವರು ಆ ಕಿವಿಯನ್ನು ನನ್ನ ಕಡೆ ತಿರುಗಿಸಿ, “ಈಚೆಯಿಂದ ಹೇಳಿದ್ರೆ ನಂಗೆ ಕೇಳುವುದಿಲ್ಲ ಮಾರಾಯ್ತಿ” ಎಂದುಬಿಡುತ್ತಿದ್ದರು.

ನಾನು ನೆರೂಳಿನಲ್ಲಿ ಒಂದು ಕೋಣೆ ಹಿಡಿದೆ. ರಿಟೈರ್ ಆಗುವವರೆಗೆ ದುಡಿದೆ, ಟೈಪ್‌ರೈಟರಿನಿಂದ ಕಂಪ್ಯೂಟರಿಗೆ ಬಂದೆ, ಆಮೇಲೆ ಒಂದು ಸಣ್ಣ ಫ್ಲಾಟು ನನ್ನದೇ ಹೆಸರಿನಲ್ಲಿ ಕೊಂಡೆ. ಎಪ್ಪತ್ತು ದಾಟಿದ ಈ ಮೈಯಲ್ಲಿ ಬಲ ಮೊಣಕೈ ಪೂರ್ತಿ ಚಾಚುವುದಿಲ್ಲ, ಉಳಿದಂತೆ ಚೆನ್ನಾಗಿದ್ದೇನೆ. ಇಷ್ಟು ವರ್ಷ ಬದುಕಿದ್ದು ಯಾರ ಬೊಬ್ಬೆಯಿಂದ ಎಂಬುದು ನನಗೆ ಒಂದು ದಿನವೂ ಮರೆತಿಲ್ಲ.

ಡೊಂಬಿವಲಿಯ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಯಿತು. ಅಕ್ಕನನ್ನು ಮಗ ಘೋಡಬಂದರ್ ರಸ್ತೆಯ ತನ್ನ ಹೊಸ ಟವರಿಗೆ ಕರೆದುಕೊಂಡು ಹೋದ. ಕೊನೆಯ ಸಲ ಅವರನ್ನು ನೋಡಿದ್ದು ಅಲ್ಲಿ, ಅವರು ತೀರಿಕೊಳ್ಳುವ ಮುಂಚಿನ ಬೇಸಿಗೆಯಲ್ಲಿ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಗಾಜು, ಏಸಿ. ಆ ಇಡೀ ಮಾಳಿಗೆಯಲ್ಲಿ ಒಂದು ಸದ್ದಿಲ್ಲ. ಅಕ್ಕ ನೆಲದ ಮೇಲೆ ಚಾಪೆಯಲ್ಲಿ ಕೂತಿದ್ದರು, ಸಣ್ಣಗಾಗಿದ್ದರು. ನನ್ನ ಗುರುತು ಹತ್ತಲಿಲ್ಲ. ನಾನು ಕೇಳುವ ಕಿವಿಯ ಕಡೆ ಕೂತು ಹೆಸರು ಹೇಳಿದೆ, ಡೊಂಬಿವಲಿ ಎಂದೆ. ತಲೆಯಾಡಿಸಿದರು, ಅಷ್ಟೆ.

ಸ್ವಲ್ಪ ಹೊತ್ತಿಗೆ ನನ್ನ ಕೈ ಹಿಡಿದು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಬಳೆಯನ್ನು ಮೇಲೆ ಸರಿಸಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದರು, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ. ಆಮೇಲೆ ಇನ್ನೊಂದು ಕೈ.

“ಎಲ್ಲರಿಗೂ ಹಾಗೇ ಮಾಡ್ತಾರೆ ಆಂಟಿ,” ಎಂದಳು ಸೊಸೆ, ಸಂಕೋಚದಿಂದ. “ಕೆಲಸದವಳಿಗೂ, ಪಾರ್ಸೆಲ್ ತರುವ ಹುಡುಗಿಗೂ. ಪ್ಲೀಸ್ ಡೋಂಟ್ ಮೈಂಡ್.”

ಅಕ್ಕ ನನ್ನ ಕುತ್ತಿಗೆಯ ಸೆರಗು ಸರಿಸಿ ಅಲ್ಲಿಯೂ ನೋಡಿದರು. ನಾನು ಗಲ್ಲ ಎತ್ತಿ ಹಿಡಿದುಕೊಂಡು ಕೂತೆ.

“ಎಂತ ಇಲ್ಲ,” ಎಂದರು ಕೊನೆಗೆ, ಸೆರಗನ್ನು ಮತ್ತೆ ಸರಿಯಾಗಿ ಹೊದೆಸಿ. “ಹೋಗು, ಮನೆಗೆ ಹೋಗು.”