ಎಂಬತ್ತೇಳರ ಪೈಪುಗಳು

ಗಂಗಾದೇವಿಯವರ ಮನೆತನ ಎಪ್ಪತ್ತು ವರ್ಷಗಳಿಂದ ತಯಾರಿಸುತ್ತಿರುವ ವಸ್ತುವನ್ನು ಬೆಳಗಾವಿಯಲ್ಲಿ ಸಾವಿರಾರು ಜನ ದಿನಾ ಬೆಳಿಗ್ಗೆ ಬಳಸುತ್ತಾರೆ. ನೋಡಿದವರು ಕಡಿಮೆ. ಅದು ನೆಲದಡಿಯ ಗಟಾರದ ಮಣ್ಣಿನ ಪೈಪು.

ಅವರ ಮಾವ ಗುರುಪುತ್ರಪ್ಪನವರಿಗೆ ಮೊದಲು ರವಿವಾರ ಪೇಟೆಯಲ್ಲಿ ಕಾಳುಕಡಿಯ ಅಂಗಡಿಯಿತ್ತು. 1953ರಲ್ಲಿ ಅದನ್ನು ತಮ್ಮನಿಗೆ ಬಿಟ್ಟುಕೊಟ್ಟು, ಮಣ್ಣು ಚೆನ್ನಾಗಿದೆ ಎಂಬ ಕಾರಣಕ್ಕೆ ಖಾನಾಪುರಕ್ಕೆ ಹೋಗಿ ಭಟ್ಟಿ ಕಟ್ಟಿದರು. ಲಕ್ಷಣವಾಗಿ ಕಾಳು ಮಾರುತ್ತಿದ್ದವರು ಗಟಾರಕ್ಕೆ ಯಾಕೆ ಕೈಹಾಕಿದಿರಿ ಎಂದು ಬೀಗರು ಕೇಳಿದರು. ಊರು ಬೆಳೆದಂತೆ ಉಣ್ಣುವವರು ಹೆಚ್ಚುತ್ತಾರೆ, ಉಂಡದ್ದು ಎಲ್ಲಿಗಾದರೂ ಹೋಗಬೇಕಲ್ಲ ಎಂದು ಗುರುಪುತ್ರಪ್ಪ ಹೇಳಿದರಂತೆ. 

ಗಂಗಾದೇವಿ 1985ರಲ್ಲಿ ಬೈಲಹೊಂಗಲದಿಂದ ಆ ಮನೆಯ ಸೊಸೆಯಾಗಿ ಬಂದರು. ಅಳಿಯನದು ‘ಪಿಂಗಾಣಿ ಕಾರಖಾನೆ’ ಎಂದು ಅವರ ತಂದೆ ನೆಂಟರಿಗೆಲ್ಲ ಹೇಳಿದ್ದರು. ಕಪ್ಪು-ಬಸಿ ಉಡುಗೊರೆ ಬರಬಹುದೆಂದು ಕಾದವರು ಹಲವರು. ಗಂಡ ಲಕ್ಷ್ಮಪ್ಪ ಒಳ್ಳೆಯ ಮನುಷ್ಯ, ಹೆಚ್ಚು ಮಾತಿಲ್ಲ. ಮಾವನಿಗೆ ಮಾತಿತ್ತು, ಮೆಚ್ಚುಗೆ ಇರಲಿಲ್ಲ. ಸಾರು ಚೆನ್ನಾಗಿದ್ದರೆ ಸುಮ್ಮನೆ ಉಣ್ಣುತ್ತಿದ್ದರು, ಚೆನ್ನಾಗಿಲ್ಲದಿದ್ದರೆ ಹೇಳುತ್ತಿದ್ದರು.

ಭಟ್ಟಿ ನೋಡಿಕೊಳ್ಳುತ್ತಿದ್ದ ಮಿಸ್ತ್ರಿ ಕಲಂದರ. ಅವನ ತಂದೆಯೂ ಅಲ್ಲೇ ಮಿಸ್ತ್ರಿಯಾಗಿದ್ದ. ಪೈಪುಗಳನ್ನು ಜೋಡಿಸಿ ಬಾಗಿಲಿಗೆ ಇಟ್ಟಿಗೆ ಕಟ್ಟಿ ಬೆಂಕಿ ಹಾಕುವುದು, ಕಾವು ಏರಿದಾಗ ಉಪ್ಪು ಎರಚುವುದು, ಆ ಉಪ್ಪೇ ಆವಿಯಾಗಿ ಪೈಪಿನ ಮೇಲೆ ಗಾಜಿನಂಥ ಕಂದು ಹೊಳಪಾಗಿ ಕೂರುವುದು, ಇಷ್ಟು ಕೆಲಸ. ಆಮೇಲೆ ಮೂರು ದಿನ ಏನೂ ಮಾಡಬಾರದು. ಭಟ್ಟಿ ತಾನಾಗಿ ಆರಬೇಕು. ಏನೂ ಮಾಡದಿರುವುದೇ ಈ ಧಂದೆಯಲ್ಲಿ ಕಷ್ಟದ ಕೆಲಸ ಎಂದು ಕಲಂದರ ಹೇಳುತ್ತಿದ್ದ.

1987ರ ಮಾರ್ಚಿನಲ್ಲಿ ನೆಂಟರೊಬ್ಬರು ತೀರಿಕೊಂಡರೆಂದು ಮಾವ ಮತ್ತು ಗಂಡ ಇಬ್ಬರೂ ಅವರ ಊರಿಗೆ ಹೋದರು. ಭಟ್ಟಿ ಆರಲು ಬಿಟ್ಟು ಒಂದೂವರೆ ದಿನವಾಗಿತ್ತು. ಅಷ್ಟರಲ್ಲಿ ಬೆಳಗಾವಿಯ ಸದಾಶಿವನಗರದಲ್ಲಿ ಗಟಾರದ ಕೆಲಸ ಹಿಡಿದಿದ್ದ ಗುತ್ತಿಗೆದಾರನ ಲಾರಿ ಒಂದು ದಿನ ಮೊದಲೇ ಬಂದು ಬಾಗಿಲಲ್ಲಿ ನಿಂತಿತು. ಇವತ್ತು ಪೈಪು ಸಿಗದಿದ್ದರೆ ಬೇರೆ ಕಾರಖಾನೆಗೆ ಹೋಗುತ್ತೇನೆ ಎಂದು ಡ್ರೈವರ್ ಹೇಳಿದ. ಗಂಗಾದೇವಿಗೆ ಆಗ ಇಪ್ಪತ್ತನಾಲ್ಕು ವರ್ಷ. ಮನೆಯ ವ್ಯವಹಾರದಲ್ಲಿ ಅವರನ್ನು ಯಾರೂ ಏನೂ ಕೇಳಿದ್ದಿಲ್ಲ. ಭಟ್ಟಿಯ ಬಾಗಿಲು ಒಡೆಯಲು ಹೇಳಿದರು.

“ಅಕ್ಕಾರ, ಇನ್ನೂ ಆರಿಲ್ರಿ. ನಾಳಿ ಸಂಜಿತನಕ ತಡೀರಿ,” ಎಂದ ಕಲಂದರ.

“ಲಾರಿ ಬಾಗಲದಾಗ ನಿಂತೈತಿ, ಕಲಂದರಣ್ಣ. ತಗೀರಿ.”

ಬಾಗಿಲಿನ ಇಟ್ಟಿಗೆ ಕಿತ್ತೊಡನೆ ತಣ್ಣನೆಯ ಗಾಳಿ ಒಳಗೆ ನುಗ್ಗಿತು. ಒಳಗಿನಿಂದ ಯಾರೋ ಬೆರಳ ನೆಟಿಕೆ ತೆಗೆದಂತೆ ಸದ್ದು ಬರತೊಡಗಿತು. ಏನದು ಎಂದು ಗಂಗಾದೇವಿ ಕೇಳಿದರು. ಪೈಪು ಬಿರಿಯುವ ಸದ್ದು ಎಂದು ಕಲಂದರ ಹೇಳಿದ. ಹೊರಗೆ ಬಂದ ಪೈಪುಗಳಲ್ಲಿ ಒಂದು ಗೆರೆಯೂ ಕಾಣಲಿಲ್ಲ. ನೂರ ನಲವತ್ತು ಪೈಪು ಲಾರಿ ಹತ್ತಿದವು. ಪ್ರತಿಯೊಂದರ ಕೊರಳಲ್ಲೂ ‘ಗು. ಖಾ. 87’ ಎಂಬ ಮುದ್ರೆಯಿತ್ತು.

ಮರುದಿನ ಮಾವ ಬಂದು ಖಾಲಿ ಭಟ್ಟಿ ನೋಡಿದರು. ಲಾರಿ ಬಂದಿತ್ತು, ಕಳಿಸಿದೆವು ಎಂದು ಗಂಗಾದೇವಿ ಹೇಳಿದರು. ಎಲ್ಲ ಸರಿ ಇತ್ತೇ ಎಂದು ಮಾವ ಕೇಳಿದರು. ಸರಿ ಇತ್ತು ಎಂದರು ಇವರು. “ಛಲೋ ಆತು,” ಎಂದರು ಗುರುಪುತ್ರಪ್ಪ. ಸೊಸೆಯನ್ನು ಅವರು ಮೆಚ್ಚಿದ್ದು ಅದೊಂದೇ ಸಲ.

ಮುಂದಿನ ಭಟ್ಟಿಯಿಂದ ಗಂಗಾದೇವಿ ಒಂದು ಮರದ ಕೊಡತಿ ಹಿಡಿದು ಬರತೊಡಗಿದರು. ಪ್ರತಿ ಪೈಪನ್ನೂ ನೆಟ್ಟಗೆ ನಿಲ್ಲಿಸಿ ಬಡಿಯುವರು. ಗಟ್ಟಿ ಪೈಪು ಗುಡಿಯ ಗಂಟೆಯಂತೆ ನುಡಿಯುತ್ತದೆ. ಕಣ್ಣಿಗೆ ಕಾಣದ ಬಿರುಕಿದ್ದರೂ ಸಾಕು, ನೆಗಡಿಯಾದವರ ದನಿ ಬರುತ್ತದೆ. ಅಂಥದ್ದನ್ನು ಬದಿಗಿಡುವರು. ಯಜಮಾನರ ಸೊಸೆಗೆ ಬಡಿಯುವ ಚಟ ಹತ್ತಿದೆ ಎಂದು ಕೆಲಸಗಾರರು ಮಾತಾಡಿಕೊಂಡರು. ಮಾವ ಏನೂ ಅನ್ನಲಿಲ್ಲ. 1994ರಲ್ಲಿ ಅವರು ತೀರಿಕೊಂಡರು, 2011ರಲ್ಲಿ ಲಕ್ಷ್ಮಪ್ಪ. ಕಾರಖಾನೆ ಗಂಗಾದೇವಿಯವರ ಹೆಸರಿಗೆ ಬಂತು. ಬಡಿಯುವುದು ನಿಲ್ಲಲಿಲ್ಲ.

ಹೋದ ವರ್ಷ ಸದಾಶಿವನಗರದ ಒಂದು ಓಣಿಯಲ್ಲಿ ರಸ್ತೆ ಕುಸಿದು ಗಟಾರದ ನೀರು ಅಂಗಳಗಳಿಗೆ ಬಂತು. ದುರಸ್ತಿಯ ಗುತ್ತಿಗೆ ಹಿಡಿದ ಕಂಪನಿಯ ಎಂಜಿನಿಯರ್ ಓಂಕಾರ, ಖಾನಾಪುರದ ಹಳೆಯ ಮಣ್ಣಿನ ಪೈಪುಗಳನ್ನು ನಂಬುವಂತಿಲ್ಲ, ಬಡಾವಣೆಯ ಆರೂ ಓಣಿಗಳಲ್ಲಿ ಅವನ್ನು ಕಿತ್ತು ಪ್ಲಾಸ್ಟಿಕ್ ಹಾಕುತ್ತೇವೆ ಎಂದು ಪತ್ರಿಕೆಯವರಿಗೆ ಹೇಳಿದ. ಗಂಗಾದೇವಿಯವರ ಮಗ ಗೌರೀಶನಿಗೆ ಸಿಟ್ಟು ಬಂತು. ‘ಎಪ್ಪತ್ತು ವರ್ಷಗಳಲ್ಲಿ ನಮ್ಮ ಒಂದೇ ಒಂದು ಪೈಪೂ ಕೆಟ್ಟಿಲ್ಲ’ ಎಂದು ಉತ್ತರ ಬರೆದು ತಾಯಿಯ ಸಹಿಗೆ ತಂದ. ಗಂಗಾದೇವಿ ಎರಡು ಸಲ ಓದಿದರು. ಭಾಷೆ ಚೆನ್ನಾಗಿದೆ ಎಂದರು. ಸಹಿ ಮಾಡಲಿಲ್ಲ.

ಮರುದಿನ ಮಗನಿಗೆ ಹೇಳದೆ ಕಲಂದರನನ್ನು ಕರೆದುಕೊಂಡು ಬೆಳಗಾವಿಯ ಬಸ್ಸು ಹತ್ತಿದರು. ಅವನಿಗೆ ಅರವತ್ತೈದು, ಇವರಿಗೆ ಅರವತ್ತೊಂದು. ಕೊಡತಿ ಇವರ ಕೈಚೀಲದಲ್ಲಿತ್ತು. ಕುಸಿದ ಓಣಿಯಲ್ಲಿ ಅಗೆದು ತೆಗೆದ ಪೈಪುಗಳನ್ನು ತೊಳೆದು ರಸ್ತೆಯ ಬದಿ ಸಾಲಾಗಿ ಇಟ್ಟಿದ್ದರು. ಗಂಗಾದೇವಿ ಮುದ್ರೆ ನೋಡಿದರು, ಎಂಬತ್ತೇಳು. ಬಡಿದರು, ನೆಗಡಿ. ಪಕ್ಕದ್ದು, ಅದರ ಪಕ್ಕದ್ದು, ಎಲ್ಲ ಹಾಗೇ. ಮುಂದಿನ ಓಣಿಯಲ್ಲಿ ಪರೀಕ್ಷೆಗೆಂದು ತೋಡಿದ ಗುಂಡಿಯಲ್ಲಿ ಏಣಿ ಇಟ್ಟಿತ್ತು. ಇಳಕಲ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಇಳಿದರು. ಅಲ್ಲಿದ್ದದ್ದು, ಉಳಿದ ಓಣಿಗಳಲ್ಲಿದ್ದಂತೆ, ಎಂಬತ್ತಾರರ ಪೈಪು. ಅದರ ದನಿ ಓಣಿಯ ಕೊನೆಯವರೆಗೆ ಕೇಳಿತು. ಎರಡು ಮನೆಯವರು ಬಾಗಿಲು ತೆಗೆದು ಯಾರು ಬಂದರೆಂದು ನೋಡಿದರು.

ಸದ್ದು ಕೇಳಿ ಓಂಕಾರ ಬಂದ. ತಾವು ಯಾರೆಂದು ಗಂಗಾದೇವಿ ಗುಂಡಿಯೊಳಗಿನಿಂದಲೇ ಹೇಳಿದರು. ಅವನು ಜಗಳಕ್ಕೆ ಸಿದ್ಧನಾಗಿ ನಿಂತ.

“ಒಡದ ಪೈಪು ನಮ್ಮೂವ ಅದಾವ್ರಿ,” ಎಂದರು ಗಂಗಾದೇವಿ. “ಭಟ್ಟಿ ಆರೂದ್ರಾಗ ತಗಸಿದಾಕಿ ನಾನ. ತಪ್ಪು ನಂದ. ನೂರ ನಲವತ್ತು ಪೈಪು ಹೊಸಾವು ಕೊಡತೀನಿ. ಉಳದೂವು ಗಟ್ಟಿ ಅದಾವು, ಅವನ್ನ ಕೀಳಬ್ಯಾಡ್ರಿ.”

 ಪತ್ರಿಕೆಗೆ ಏನಾದರೂ ಹೇಳಬೇಕಿತ್ತು, ಹೇಳಿದ್ದೆ ಅಷ್ಟೇ ಎಂದ ಓಂಕಾರ. ತಪ್ಪು ಒಪ್ಪಿಕೊಳ್ಳಲು ಯಾರಾದರೂ ಬರುತ್ತಾರೆಂದು ಯೋಜನೆಯಲ್ಲಿ ಇರಲಿಲ್ಲ. ಪುಕ್ಕಟೆ ಪೈಪು ತೆಗೆದುಕೊಳ್ಳಲು ತಮ್ಮಲ್ಲಿ ಫಾರ್ಮ್ ಇಲ್ಲ, ಬೇಕಾದರೆ ಬರೆದುಕೊಡಿ ಎಂದ. ಗಂಗಾದೇವಿ ಅಲ್ಲೇ ಒಂದು ಮನೆಯ ಕಟ್ಟೆಯ ಮೇಲೆ ಕುಳಿತು, ಯಾವ ಓಣಿಯ ಪೈಪು ಕೆಟ್ಟಿವೆ, ಯಾಕೆ ಕೆಟ್ಟವು, ಯಾವುವು ಕೆಟ್ಟಿಲ್ಲ ಎಂದು ಒಂದು ಪುಟ ಬರೆದು ಸಹಿ ಮಾಡಿದರು. ಆ ಮನೆ ಕರೆಪ್ಪ ಎಂಬ ನಿವೃತ್ತ ಮಾಸ್ತರರದು. ಕಾಗದ, ಪೆನ್ನು ಕೊಟ್ಟವರು ಅವರೇ. ಬರೆದದ್ದನ್ನು ಓದಿ, ಒಂದು ಪ್ರತಿ ತಮಗೂ ಇರಲಿ ಎಂದರು.

ತಿರುಗಿ ಬರುವಾಗ ಬಸ್ಸು ಖಾಲಿಯಿತ್ತು. ಗಂಗಾದೇವಿ, ಮಾವನವರಿಗೆ ಇದೊಂದು ಗೊತ್ತಾಗದೆ ಹೋಯಿತು, ಅದೇ ಪುಣ್ಯ ಎಂದರು.

“ಗೊತ್ತಿತ್ರಿ,” ಎಂದ ಕಲಂದರ. “ಬಂದ ದಿನಾನ ಭಟ್ಟಿ ಗ್ವಾಡಿಗೆ ಕೈ ಹಚ್ಚಿ ನೋಡಿದ್ರು. ಇನ್ನೂ ಬಿಸಿ ಇತ್ತು. ಹುಡುಗಿಗೆ ಏನೂ ಅನಬ್ಯಾಡ, ಇನ್ನ ಮ್ಯಾಲ ಆಕಿನ ಭಟ್ಟಿ ಕಾಯತಾಳ ಅಂದ್ರು.”

ದೇಸೂರು ದಾಟಿದ ಮೇಲೆ ಗಂಗಾದೇವಿ ಅವನ ಕಡೆ ತಿರುಗಿದರು.

“ಮೂವತ್ತೇಳು ವರ್ಷ ಯಾಕ ಹೇಳಲಿಲ್ಲ ನೀವು?”

“ನೀವು ಕೇಳಲಿಲ್ಲಲ್ರಿ.”

ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು, ಬಸ್ಸು ಇಳಿಯುವ ಮೊದಲು ಇನ್ನೊಮ್ಮೆ ಒರೆಸಿಕೊಂಡರು. ಧೂಳಿತ್ತು ಎಂದು ಕಲಂದರ ಈಗಲೂ ಹೇಳುತ್ತಾನೆ.

ಗೌರೀಶ ನಾಲ್ಕು ದಿನ ತಾಯಿಯೊಡನೆ ಮಾತು ಬಿಟ್ಟ. ತಪ್ಪು ಮಾಡಿದ್ದಕ್ಕಲ್ಲ, ಅದನ್ನು ಓಂಕಾರನ ಫೋನಿನಿಂದ ತಿಳಿಯಬೇಕಾಯಿತಲ್ಲ ಎಂದು. ಐದನೆಯ ದಿನ ತನ್ನ ಉತ್ತರವನ್ನು ತಿದ್ದಿ ತಂದ: ‘ಎಪ್ಪತ್ತು ವರ್ಷಗಳಲ್ಲಿ ನೂರ ನಲವತ್ತು ಬಿಟ್ಟರೆ’. ಗಂಗಾದೇವಿ ಸಹಿ ಮಾಡಿದರು. ಪತ್ರಿಕೆಯವರು ಒಳಪುಟದಲ್ಲಿ, ಕಳೆದುಹೋದ ಅಂಕಪಟ್ಟಿಯ ಪ್ರಕಟಣೆಯ ಕೆಳಗೆ ಹಾಕಿದರು.

ಕುಸಿದ ಓಣಿಗೆ ಕೊನೆಗೂ ಪ್ಲಾಸ್ಟಿಕ್ ಪೈಪೇ ಬಂತು. ಗಂಗಾದೇವಿಯವರ ಪುಕ್ಕಟೆ ಪೈಪು ಫಾರ್ಮ್ ಇಲ್ಲದ್ದರಿಂದ ಕಾರಖಾನೆಯಲ್ಲೇ ಉಳಿದವು. ಆದರೆ ಉಳಿದ ಐದು ಓಣಿಗಳ ಜನ ಕರೆಪ್ಪ ಮಾಸ್ತರರ ಹತ್ತಿರ ಇದ್ದ ಪ್ರತಿಯನ್ನು ಹಿಡಿದು, ನಮ್ಮ ಪೈಪು ಗಟ್ಟಿ ಎಂದು ಮಾಡಿದವರೇ ಬರೆದುಕೊಟ್ಟಿದ್ದಾರೆ, ಅಗೆಯಲು ಬಿಡುವುದಿಲ್ಲ ಎಂದು ಕುಳಿತರು. ಪೈಪಿನ ಮೇಲೆ ಅವರಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ರಸ್ತೆಗೆ ಕಾಂಕ್ರೀಟ್ ಹಾಕಿ ಇನ್ನೂ ವರ್ಷವಾಗಿರಲಿಲ್ಲ, ಎರಡು ಮನೆಗಳಲ್ಲಿ ಮದುವೆಯಿತ್ತು. ಯೋಜನೆ ಒಂದು ಓಣಿಗೆ ನಿಂತಿತು. ಐದು ಓಣಿಗಳಡಿ ಹಳೆಯ ಪೈಪುಗಳು ಇದ್ದಲ್ಲೇ ಇವೆ.

ಪತ್ರಿಕೆಯ ಪ್ರಕಟಣೆ ನೋಡಿ ಬಂದದ್ದು ಒಂದೇ ಫೋನು. ಸದಾಶಿವನಗರದ ಹೆಣ್ಣುಮಗಳೊಬ್ಬಳು, ನೀವು ಹೂವಿನ ಕುಂಡ ಮಾಡುತ್ತೀರಾ ಎಂದು ಕೇಳಿದಳು. ಇಲ್ಲ ಎಂದರು ಗಂಗಾದೇವಿ. ಪಕ್ಕದಲ್ಲಿದ್ದ ಸೊಸೆ ಮೇಘಾ ಫೋನು ಇಸಿದುಕೊಂಡು, ಮಾಡುತ್ತೇವೆ, ಎಷ್ಟು ದೊಡ್ಡದು ಬೇಕು ಎಂದಳು. ಈಗ ಪೈಪಿನ ಜೊತೆಗೆ ಭಟ್ಟಿಯಲ್ಲಿ ಕುಂಡಗಳೂ ಬೇಯುತ್ತವೆ, ಚೆನ್ನಾಗಿಯೇ ಹೋಗುತ್ತಿವೆ. ಬೇಕೆಂದೇ ತಳದಲ್ಲಿ ತೂತಿಟ್ಟು ಮಾರುವ ವಸ್ತುವಿಗೆ ಗಂಗಾದೇವಿಯವರ ಮನಸ್ಸು ಇನ್ನೂ ಒಗ್ಗಿಲ್ಲ.